ಬ್ರಿಟನ್ನಿನ ನರ್ಸಿಂಗ್ ನೋಂದಣಿ: ಎನ್‌ಎಂಸಿ ಸೇವೆ ಹೇಗಿದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ

ಮೊದಲು ಹೆಸರಿನ ಗೊಂದಲ ಕಳೆದುಬಿಡೋಣ. ಇಲ್ಲಿ ಎನ್‌ಎಂಸಿ ಎಂದರೆ ದಿಲ್ಲಿಯ ನ್ಯಾಷನಲ್ ಮೆಡಿಕಲ್ ಕಮಿಷನ್ ಅಲ್ಲ, ಬ್ರಿಟನ್ನಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್. ಬೆಂಗಳೂರಿನಲ್ಲಿ ಹತ್ತು ವರ್ಷ ಐಸಿಯು ನೋಡಿಕೊಂಡ ಸಿಸ್ಟರ್ ಆದರೂ, ಈ ಕೌನ್ಸಿಲ್ಲಿನ ರಿಜಿಸ್ಟರಿಗೆ ಹೆಸರು ಸೇರಿ ಪಿನ್ ಎಂಬ ನೋಂದಣಿ ಸಂಖ್ಯೆ ಕೈಗೆ ಬರುವವರೆಗೆ ಅಲ್ಲಿ ನರ್ಸ್ ಎಂದು ಕರೆಸಿಕೊಂಡು ಕೆಲಸ ಮಾಡುವಂತಿಲ್ಲ.

ತೀರ್ಪನ್ನು ಮೊದಲೇ ಹೇಳುವುದಾದರೆ, ಐದಕ್ಕೆ ನಾಲ್ಕು ಅಂಕ. ಆನ್‌ಲೈನ್ ಅರ್ಜಿ ಚೊಕ್ಕವಾಗಿದೆ, ಶುಲ್ಕದಲ್ಲಿ ಮುಚ್ಚುಮರೆ ಇಲ್ಲ, ಮಧ್ಯವರ್ತಿಯ ಅಗತ್ಯ ಸುತರಾಂ ಇಲ್ಲ. ಒಂದು ಅಂಕ ಕಳೆದದ್ದು ಕೊನೆಯ ಪ್ರಾಯೋಗಿಕ ಪರೀಕ್ಷೆಯ ಬೆಲೆಗೆ. ಉಳಿದಂತೆ ಅರ್ಜಿ ನಿಲ್ಲುವುದು ಬಹುಮಟ್ಟಿಗೆ ನಮ್ಮ ಕಡೆಯ ಕಾಗದಪತ್ರಗಳಲ್ಲಿ. ಅಭ್ಯರ್ಥಿ ಎಡವುವುದು ಕೈಗೆ ಅಂಟಿಕೊಂಡ ರೂಢಿಯಲ್ಲಿ.

ದುಡ್ಡಿನ ಲೆಕ್ಕ ನೋಡೋಣ. 2024ರ ಶುಲ್ಕಪಟ್ಟಿಯಂತೆ ಅರ್ಹತೆಯ ಪರಿಶೀಲನೆಗೆ 140 ಪೌಂಡ್, ಕಂಪ್ಯೂಟರ್ ಪರೀಕ್ಷೆ ಸಿಬಿಟಿಗೆ 83, ಪ್ರಾಯೋಗಿಕ ಪರೀಕ್ಷೆ ಓಸ್ಕಿಗೆ 794, ಕೊನೆಗೆ ನೋಂದಣಿಗೆ 153. ಕೂಡಿದರೆ 1,170 ಪೌಂಡ್. ಇಂಗ್ಲಿಷ್ ಪರೀಕ್ಷೆ, ವೀಸಾ, ಟಿಕೆಟ್ ಇದರಲ್ಲಿ ಸೇರಿಲ್ಲ. ಶುಲ್ಕ ಬದಲಾಗುತ್ತಿರುತ್ತದೆ, ಹಣ ಕಟ್ಟುವ ದಿನ ಎನ್‌ಎಂಸಿಯ ಸ್ವಂತ ಪುಟವನ್ನೇ ನೋಡಿ. ಈ ಪಟ್ಟಿಯಲ್ಲಿ ಮೂರನೇ ಎರಡು ಪಾಲು ಓಸ್ಕಿಯೊಂದಕ್ಕೇ ಹೋಗುತ್ತದೆ ಎನ್ನುವುದನ್ನು ನೆನಪಿಡಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಬಹಳಷ್ಟು ಆಸ್ಪತ್ರೆಗಳು ಮೊದಲ ಸಲದ ಓಸ್ಕಿ ಶುಲ್ಕವನ್ನು ತಾವೇ ಭರಿಸುತ್ತವೆ. ಎರಡನೇ ಸಲದ್ದನ್ನು ಯಾರು ಕೊಡುತ್ತಾರೆ ಎಂಬುದು ಆಫರ್ ಲೆಟರಿನಲ್ಲಿ ಬರಹದಲ್ಲಿರಬೇಕು.

ಈ ಸೇವೆಯ ದೊಡ್ಡ ಗುಣ, ಅದು ನಿಮ್ಮ ಪಠ್ಯಕ್ರಮವನ್ನು ಗಂಟೆಗಂಟೆಯಾಗಿ ತೂಗಲು ಕೂರುವುದಿಲ್ಲ. ಜರ್ಮನಿಯಲ್ಲಾದರೆ ಆಯಾ ರಾಜ್ಯದ ಕಚೇರಿ ನಮ್ಮ ಥಿಯರಿ, ಪ್ರಾಕ್ಟಿಕಲ್ ಗಂಟೆಗಳನ್ನು ಅವರ ಕೋರ್ಸಿನ ಪಕ್ಕ ಇಟ್ಟು ನೋಡುತ್ತದೆ, ಕೊರತೆ ಕಂಡರೆ ಪಟ್ಟಿ ಮಾಡಿ ಕೈಗಿಡುತ್ತದೆ. ಅದನ್ನು ತುಂಬಲು ಹೊಂದಾಣಿಕೆ ತರಬೇತಿಯನ್ನೋ ಜ್ಞಾನ ಪರೀಕ್ಷೆಯನ್ನೋ ಮುಗಿಸಬೇಕು. ಬ್ರಿಟನ್ 2019ರ ಅಕ್ಟೋಬರಿನಲ್ಲಿ ತನ್ನ ದಾರಿಯನ್ನು ಸರಳಗೊಳಿಸಿತು. ನೀವು ನಿಮ್ಮ ದೇಶದಲ್ಲಿ ನೋಂದಾಯಿತ ನರ್ಸ್ ಆಗುವಂಥ ಅರ್ಹತೆ ಪಡೆದಿದ್ದೀರಾ, ನಿಮ್ಮ ಕೌನ್ಸಿಲ್ ಅದನ್ನು ದೃಢಪಡಿಸುತ್ತದೆಯೇ, ಆರೋಗ್ಯ ಮತ್ತು ನಡತೆ ಸರಿಯಿದೆಯೇ, ಇಂಗ್ಲಿಷ್ ಸಾಕಷ್ಟಿದೆಯೇ, ಇಷ್ಟನ್ನು ನೋಡಿ ಮಿಕ್ಕಿದ್ದನ್ನು ಎರಡು ಪರೀಕ್ಷೆಗಳಿಗೆ ಬಿಡುತ್ತದೆ. ಹಾಗಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್‌ಸಿ ನರ್ಸಿಂಗ್ ಆದವರಿಗೂ ಜಿಎನ್‌ಎಂ ಡಿಪ್ಲೊಮಾ ಆದವರಿಗೂ ಬಾಗಿಲು ತೆರೆದೇ ಇದೆ. ಸಹಾಯಕ ನರ್ಸ್ ಕೋರ್ಸಾದ ಎಎನ್‌ಎಂ ಮಾತ್ರ ಮುಗಿಸಿದವರಿಗೆ ಈ ದಾರಿಯಿಲ್ಲ, ಅವರ ನೋಂದಣಿ ನರ್ಸ್ ನೋಂದಣಿಯಲ್ಲ. ನಮ್ಮ ಸಾಮಾನ್ಯ ನರ್ಸುಗಳು ಅರ್ಜಿ ಹಾಕುವುದು ವಯಸ್ಕರ ನರ್ಸಿಂಗ್ ವಿಭಾಗಕ್ಕೆ. ಮಕ್ಕಳು, ಮಾನಸಿಕ ಆರೋಗ್ಯ, ಕಲಿಕಾ ನ್ಯೂನತೆ ಅಲ್ಲಿ ಬೇರೆ ಬೇರೆ ವಿಭಾಗಗಳು. ಮಿಡ್‌ವೈಫ್ ಆಗಿ ನೋಂದಾಯಿಸಿಕೊಳ್ಳಲು ಬೇರೆಯೇ ಅರ್ಜಿ, ಬೇರೆಯೇ ಪರೀಕ್ಷೆ. ನಮ್ಮ ಪ್ರಮಾಣಪತ್ರದಲ್ಲಿ ಎರಡೂ ಒಟ್ಟಿಗೆ ಇದೆಯೆಂದು ಅಲ್ಲಿ ಎರಡೂ ತಾನಾಗಿ ಸಿಗುವುದಿಲ್ಲ.

ಈಗ ಸಿಕ್ಕಿಕೊಳ್ಳುವ ಜಾಗಗಳು. ಮೊದಲನೆಯದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಊರಿನ ಹೆಸರೂ ತಂದೆಯ ಹೆಸರೂ ಆಗಿ ಬಿಡಿಸಿಕೊಂಡಿರುತ್ತವೆ, ಕೌನ್ಸಿಲ್ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಷ್ಟೇ, ಮದುವೆಯಾದ ಮೇಲೆ ಗಂಡನ ಹೆಸರು ಬೇರೆ. ಮಂಗಳೂರು ಕಡೆಯ ಮನೆತನದ ಹೆಸರುಗಳದು ಒಂದು ಕಥೆಯಾದರೆ ಹಳೇ ಮೈಸೂರಿನ ಇನಿಷಿಯಲ್‌ಗಳದು ಇನ್ನೊಂದು. ನಮಗೆ ಇವೆಲ್ಲ ಒಬ್ಬರೇ, ದೂರದಲ್ಲಿ ಕೂತು ಕಡತ ನೋಡುವವರಿಗೆ ಮೂರು ಜನ. ಎರಡು ಹೆಸರೂ ಒಬ್ಬರದ್ದೇ ಎಂಬ ನೋಟರಿ ಅಫಿಡವಿಟ್ ನಮ್ಮ ಕಚೇರಿಗಳಲ್ಲಿ ನಡೆಯುತ್ತದೆ, ಅಲ್ಲಿ ಅದನ್ನೇ ನೆಚ್ಚಿಕೊಂಡರೆ ಮತ್ತೆ ಪತ್ರ ಬರುತ್ತದೆ. ಅರ್ಜಿ ತೆರೆಯುವ ಮೊದಲೇ ಪಾಸ್‌ಪೋರ್ಟನ್ನು ಅಳತೆಗೋಲಾಗಿ ಇಟ್ಟುಕೊಂಡು ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯನ್ನು ಅದಕ್ಕೆ ಸರಿಹೊಂದಿಸಿ. ಮದುವೆಯಿಂದ ಹೆಸರು ಬದಲಾಗಿದ್ದರೆ ವಿವಾಹ ನೋಂದಣಿ ಪತ್ರ ಜೊತೆಗಿರಲಿ. ಇಂಗ್ಲಿಷ್ ಪರೀಕ್ಷೆಗೂ ಸಿಬಿಟಿಗೂ ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದುವಂತೆ, ಹೆಸರು ಕೊಡಿ. ಇಲ್ಲವಾದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ವಾಪಸ್ಸು, ಕಟ್ಟಿದ ಹಣವೂ ಹೋಯಿತು.

ಎರಡನೆಯದು ಕೌನ್ಸಿಲ್ ದೃಢೀಕರಣ. ಇದು ನಿಮ್ಮ ಕೈಯಿಂದ ಹೋಗುವ ಕಾಗದವಲ್ಲ, ಕೌನ್ಸಿಲ್‌ನಿಂದ ನೇರವಾಗಿ ಎನ್‌ಎಂಸಿಗೆ ತಲುಪಬೇಕು. ನೀವೇ ಸ್ಕ್ಯಾನ್ ಮಾಡಿ ಏರಿಸಿದರೆ ಅದಕ್ಕೆ ಬೆಲೆಯಿಲ್ಲ. ನಿಮ್ಮ ನೋಂದಣಿ ಚಾಲ್ತಿಯಲ್ಲಿರಬೇಕು. ಭಾರತದಲ್ಲಿ ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕಲ್ಲ, ಅದನ್ನು ಮರೆತವರ ದೃಢೀಕರಣ ಅಲ್ಲೇ ನಿಲ್ಲುತ್ತದೆ. ನವೀಕರಣ ಮೊದಲು, ದೃಢೀಕರಣದ ಕೋರಿಕೆ ಆಮೇಲೆ. ಕರ್ನಾಟಕದಲ್ಲಿ ಓದಿ ಬೇರೆ ರಾಜ್ಯದಲ್ಲೋ ಕೊಲ್ಲಿಯಲ್ಲೋ ನೋಂದಣಿ ಮಾಡಿಸಿಕೊಂಡವರು ಅದನ್ನೂ ಅರ್ಜಿಯಲ್ಲಿ ಹೇಳಬೇಕು. ಕೇರಳದಿಂದ ಬಂದು ಇಲ್ಲಿ ಓದಿ ಊರಿಗೆ ಮರಳಿದವರಿಗೆ ಈ ಎರಡು ಕೌನ್ಸಿಲ್‌ಗಳ ತೊಡಕು ಮಾಮೂಲು. ಮುಚ್ಚಿಟ್ಟದ್ದು ನಂತರ ಬಯಲಾದರೆ ಅದು ಕಾಗದದ ತಪ್ಪಾಗಿ ಉಳಿಯುವುದಿಲ್ಲ, ನಡತೆಯ ಪ್ರಶ್ನೆಯಾಗುತ್ತದೆ.

ಇಂಗ್ಲಿಷಿಗೆ ಬರೋಣ. 'ನಮ್ಮ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ' ಎಂಬ ಪ್ರಾಂಶುಪಾಲರ ಪತ್ರ ನಮ್ಮ ಬಹುತೇಕರಿಗೆ ಸಾಲದು. ಎನ್‌ಎಂಸಿ ಕೇಳುವುದು ರೋಗಿಗಳ ಜೊತೆಗಿನ ಮಾತುಕತೆಯ ಭಾಷೆಯನ್ನೂ. ನಮ್ಮ ವಾರ್ಡುಗಳಲ್ಲಿ ಅದು ಕನ್ನಡ, ತುಳು, ಹಿಂದಿ, ಉರ್ದು. ಆದ್ದರಿಂದ ಪರೀಕ್ಷೆಯೇ ದಾರಿ. ಐಇಎಲ್‌ಟಿಎಸ್ ಆದರೆ ಅಕಾಡೆಮಿಕ್ ಮಾದರಿಯೇ ಆಗಬೇಕು. ಓದು, ಕೇಳುವಿಕೆ, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5, ಒಟ್ಟಾರೆ 7. ಆರೋಗ್ಯ ವೃತ್ತಿಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿ ಆದರೆ ಆ ಮೂರರಲ್ಲಿ ಬಿ ಗ್ರೇಡ್, ಅಂದರೆ 350, ಬರವಣಿಗೆಯಲ್ಲಿ ಸಿ ಪ್ಲಸ್, ಅಂದರೆ 300. ಒಂದೇ ಸಲಕ್ಕೆ ಎಲ್ಲ ಬರದಿದ್ದರೆ ಎರಡು ಸಲದ ಅಂಕ ಜೋಡಿಸಬಹುದು. 2023ರ ಫೆಬ್ರುವರಿಯಿಂದ ಆ ಎರಡರ ನಡುವಿನ ಅವಧಿಯನ್ನು ಆರು ತಿಂಗಳಿಂದ ಹನ್ನೆರಡಕ್ಕೆ ಏರಿಸಿದ್ದಾರೆ. ಎರಡೂ ಸಲ ನಾಲ್ಕೂ ಭಾಗ ಬರೆದಿರಬೇಕು, ಯಾವ ಭಾಗವೂ ಗುರಿಗಿಂತ ಅರ್ಧ ಮೆಟ್ಟಿಲಿಗಿಂತ ಕೆಳಗೆ ಬಿದ್ದಿರಬಾರದು.

ನರ್ಸುಗಳಿಗೆ ಓಇಟಿಯೇ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ, ಅದರ ವಿಷಯವೆಲ್ಲ ಆಸ್ಪತ್ರೆಯದ್ದೇ. ಬೀಳುವುದು ಪತ್ರ ಬರೆಯುವಲ್ಲಿ. ಐದು ನಿಮಿಷ ಕೇಸ್ ನೋಟ್ಸ್ ಓದಿ, ನಲವತ್ತು ನಿಮಿಷದಲ್ಲಿ 180ರಿಂದ 200 ಪದಗಳ ಪತ್ರ. ನೋಟ್ಸಿನಲ್ಲಿ ಇದ್ದುದೆಲ್ಲವನ್ನೂ ಪತ್ರಕ್ಕೆ ಸುರಿಯುವುದು ನಮ್ಮವರ ಅಭ್ಯಾಸ. ಏನನ್ನೂ ಬಿಡಬಾರದು ಎಂದು ಪರೀಕ್ಷೆಗಳಲ್ಲಿ ಕಲಿತು ಬಂದವರು ನಾವು. ಇಲ್ಲಿ ಬಿಡುವುದಕ್ಕೂ ಅಂಕವಿದೆ. ಪತ್ರ ಹೋಗುತ್ತಿರುವುದು ಫಿಸಿಯೊಥೆರಪಿಸ್ಟಿಗೆ ಎಂದಾದರೆ ರೋಗಿಗೆ ಬಾಲ್ಯದಲ್ಲಿ ಆದ ಟಾನ್ಸಿಲ್ ಆಪರೇಷನ್ ಅವರಿಗೇಕೆ? ಯಾವ ಉದ್ದೇಶಕ್ಕೆ ಬರೆಯುತ್ತಿದ್ದೀರಿ ಎಂಬುದು ಮೊದಲ ಪ್ಯಾರಾದಲ್ಲೇ ಇರಬೇಕು, ಅದಕ್ಕೆ ಬೇರೆಯೇ ಅಂಕವಿದೆ.

ಸಿಬಿಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಿಯರ್ಸನ್ ವ್ಯೂ ಕೇಂದ್ರಗಳಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೇ ಬರೆಯಬಹುದು. ಮೊದಲ ಭಾಗ ಲೆಕ್ಕ: 30 ನಿಮಿಷ, 15 ಪ್ರಶ್ನೆ, ಉತ್ತರವನ್ನು ನೀವೇ ಟೈಪ್ ಮಾಡಬೇಕು. ಎರಡನೇ ಭಾಗ ಎರಡೂವರೆ ಗಂಟೆ, ಆಯ್ಕೆ ಮಾಡುವ 100 ಪ್ರಶ್ನೆ. ಒಂದರಲ್ಲಿ ಮಾತ್ರ ಫೇಲಾದರೆ ಆ ಭಾಗವನ್ನಷ್ಟೇ ಮತ್ತೆ ಬರೆದರೆ ಸಾಕು, ಲೆಕ್ಕಕ್ಕೆ 50 ಪೌಂಡ್, ಇನ್ನೊಂದಕ್ಕೆ 70. ಲೆಕ್ಕ ಡ್ಯೂಟಿಯಲ್ಲಿ ದಿನಾ ಮಾಡುವಂಥದ್ದೇ. 1,000 ಮಿಲಿಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಮಿಲಿಲೀಟರಿಗೆ 20 ಹನಿ ಎಂದರೆ ನಿಮಿಷಕ್ಕೆ 42 ಹನಿ. ಪಂಪಿನಲ್ಲಾದರೆ ಗಂಟೆಗೆ 125 ಮಿಲಿಲೀಟರ್. ತಪ್ಪುವುದು ಮಿಲಿಗ್ರಾಂ, ಮೈಕ್ರೋಗ್ರಾಂ ಬದಲಾಯಿಸುವಲ್ಲಿ. ಡಿಜಾಕ್ಸಿನ್ 125 ಮೈಕ್ರೋಗ್ರಾಂ ಬರೆದಿದ್ದು ಮಾತ್ರೆ 62.5ರದ್ದಾದರೆ ಎರಡು ಮಾತ್ರೆ. ಅದೇ ಆದೇಶ 0.125 ಮಿಲಿಗ್ರಾಂ ಎಂದು ಬಂದಾಗ ಕೈ ತಡವರಿಸುತ್ತದೆ.

ಎರಡನೇ ಭಾಗದಲ್ಲಿ ಕಾಯಿಲೆ, ಔಷಧಿಯ ಪ್ರಶ್ನೆಗಳನ್ನು ನಮ್ಮವರು ಸಲೀಸಾಗಿ ದಾಟುತ್ತಾರೆ. ತೊಡಕು ಬರುವುದು ಮನೆಯವರ ವಿಷಯಕ್ಕೆ. ನಮ್ಮಲ್ಲಿ ರೋಗಿಗೆ ಹೇಳುವ ಮೊದಲು ಮಗನಿಗೋ ಅಣ್ಣನಿಗೋ ಹೇಳುವುದು ಸಹಜ, ಕೆಲವೊಮ್ಮೆ ರೋಗಿಗೆ ಹೇಳುವುದೇ ಇಲ್ಲ. ಅಲ್ಲಿ ರೋಗಿಯ ಒಪ್ಪಿಗೆಯಿಲ್ಲದೆ ಮನೆಯವರಿಗೆ ಹೇಳಿದರೆ ಗೋಪ್ಯತೆ ಮುರಿದಂತೆ. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಮೊದಲ ತತ್ವವೇ, ಬೇರೆಯಾಗಿ ಸಾಬೀತಾಗುವವರೆಗೆ ಪ್ರತಿ ವಯಸ್ಕರಿಗೂ ತಮ್ಮ ನಿರ್ಧಾರ ತಾವೇ ಮಾಡುವ ಸಾಮರ್ಥ್ಯವಿದೆ ಎಂದು ಭಾವಿಸಬೇಕು ಎನ್ನುವುದು. ಎನ್‌ಎಂಸಿಯ ನೀತಿಸಂಹಿತೆ ಉಚಿತವಾಗಿ ಸಿಗುತ್ತದೆ. ಸಾವಿರಾರು ರೂಪಾಯಿಯ ಪ್ರಶ್ನಬ್ಯಾಂಕ್ ಕೊಳ್ಳುವ ಮುನ್ನ ಅದನ್ನು ಎರಡು ಸಲ ಓದಿ.

ಸಿಬಿಟಿಯಲ್ಲಿ 'ಗ್ಯಾರಂಟಿ ಪಾಸ್' ಎನ್ನುವವರಿಂದ ದೂರವಿರಿ. 2023ರಲ್ಲಿ ನೈಜೀರಿಯಾದ ಇಬಾದಾನ್‌ನ ಒಂದು ಕೇಂದ್ರದಲ್ಲಿ ಅನೇಕರು ಅಸಹಜ ವೇಗದಲ್ಲಿ ಪರೀಕ್ಷೆ ಮುಗಿಸಿದ್ದು ಪತ್ತೆಯಾಯಿತು. ಆ ಕೇಂದ್ರದಲ್ಲಿ ಬರೆದವರ ಫಲಿತಾಂಶವೆಲ್ಲ ಮರುಪರಿಶೀಲನೆಗೆ ಬಿತ್ತು, ಬ್ರಿಟನ್ನಿನಲ್ಲಿ ಅದಾಗಲೇ ಕೆಲಸದಲ್ಲಿದ್ದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಒಂದೊಂದು ಪ್ರಶ್ನೆಗೆ ಎಷ್ಟು ಹೊತ್ತು ತೆಗೆದುಕೊಂಡಿರಿ ಎಂಬುದೂ ದಾಖಲಾಗುತ್ತದೆ.

ಓಸ್ಕಿ ಭಾರತದಲ್ಲಿ ಇಲ್ಲ, ಬ್ರಿಟನ್ನಿಗೇ ಹೋಗಬೇಕು. ಆಕ್ಸ್‌ಫರ್ಡ್ ಬ್ರೂಕ್ಸ್, ನಾರ್ತಾಂಪ್ಟನ್, ನಾರ್ತಂಬ್ರಿಯಾ, ಅಲ್ಸ್ಟರ್ ವಿಶ್ವವಿದ್ಯಾಲಯಗಳು ಮತ್ತು ಲೀಡ್ಸ್‌ನ ಎನ್‌ಎಚ್‌ಎಸ್ ಆಸ್ಪತ್ರೆ ಸಮೂಹ ಇದನ್ನು ನಡೆಸುತ್ತವೆ. ಹತ್ತು ಸ್ಟೇಷನ್, ಅಂದರೆ ಒಂದೊಂದರಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಹತ್ತು ಘಟ್ಟ. ನಾಲ್ಕರಲ್ಲಿ ಒಬ್ಬನೇ ರೋಗಿಯ ಮೌಲ್ಯಮಾಪನ, ಆರೈಕೆ ಯೋಜನೆ, ಅನುಷ್ಠಾನ, ಮರುಪರಿಶೀಲನೆ, ನಾಲ್ಕು ಕೈಕೆಲಸದವು, ಎರಡು ಮೌನವಾಗಿ ಬರೆಯುವಂಥವು, ಒಂದು ವೃತ್ತಿ ಮೌಲ್ಯಗಳ ಮೇಲೆ, ಇನ್ನೊಂದು ಸಂಶೋಧನಾ ಆಧಾರಿತ ಅಭ್ಯಾಸದ ಮೇಲೆ. ಎಲ್ಲ ಹತ್ತರಲ್ಲೂ ಪಾಸಾಗಬೇಕು. ಏಳು ಅಥವಾ ಕಡಿಮೆ ಸ್ಟೇಷನ್ ತಪ್ಪಿದರೆ ಅವಷ್ಟನ್ನೇ ಮತ್ತೆ ಮಾಡಲು 397 ಪೌಂಡ್, ಎಂಟು ಅಥವಾ ಹೆಚ್ಚು ತಪ್ಪಿದರೆ ಪೂರ್ತಿ ಪರೀಕ್ಷೆ, ಪೂರ್ತಿ 794. ಒಂದೇ ಒಂದು ಸ್ಟೇಷನ್ ತಪ್ಪಿದವರಿಗೂ ಅರ್ಧ ಹಣ ಬೀಳುವುದು ಈ ಸೇವೆಯ ಅನ್ಯಾಯದ ಭಾಗ ಎಂದೇ ಹೇಳಬೇಕು. ಮೂರು ಸಲ ತಪ್ಪಿದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ವೀಸಾದ ಗಡುವು ಮುಗಿದಿರುತ್ತದೆ. ಕೆಲಸ ಶುರುವಾದ ಮೂರು ತಿಂಗಳೊಳಗೆ ಮೊದಲ ಓಸ್ಕಿ ಎದುರಿಸಿರಬೇಕು, ಎಂಟು ತಿಂಗಳೊಳಗೆ ನೋಂದಣಿ ಆಗಿರಬೇಕು ಎಂಬ ನಿಯಮವಿದೆ.

ಏಕೆ ಬೀಳುತ್ತಾರೆ? ನಮ್ಮ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಸಿಸ್ಟರಿಗೆ ಮೂವತ್ತು ನಲವತ್ತು ಹಾಸಿಗೆ. ಅಲ್ಲಿ ವೇಗವೇ ಕೌಶಲ. ಹಾಸಿಗೆ ನಂಬರ್ ನೋಡಿ 'ಕೈ ಕೊಡಿಯಮ್ಮಾ' ಎಂದು ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಹೋಗುವುದು ಅನುಭವದ ಲಕ್ಷಣ. ಓಸ್ಕಿಯಲ್ಲಿ ಅದೇ ಕೈ ಸೋಲುತ್ತದೆ. ಪರಿಚಯ ಹೇಳಬೇಕು, ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ದಿನ ಕೇಳಿ ಕೈಪಟ್ಟಿಯೊಂದಿಗೆ ಹೋಲಿಸಬೇಕು, ಅಲರ್ಜಿ ಕೇಳಬೇಕು, ಮಾಡುವುದನ್ನು ವಿವರಿಸಿ ಒಪ್ಪಿಗೆ ಪಡೆಯಬೇಕು, ಪರದೆ ಎಳೆಯಬೇಕು. ಇವನ್ನು ಮನಸ್ಸಿನಲ್ಲಿ ಮಾಡಿಕೊಂಡರೆ ಅಂಕವಿಲ್ಲ. ಪರೀಕ್ಷಕರಿಗೆ ಕಾಣಬೇಕು, ಕೇಳಬೇಕು. ಬಳೆ, ಗಡಿಯಾರ ತೆಗೆದಿಟ್ಟು ಮೊಣಕೈ ಕೆಳಗೆ ಬರಿಗೈ ಇರಬೇಕು. ಕಲ್ಲಿಲ್ಲದ ಸಾದಾ ಮದುವೆ ಉಂಗುರಕ್ಕೆ ಮಾತ್ರ ವಿನಾಯಿತಿ.

ಔಷಧಿ ಕೊಡುವ ಸ್ಟೇಷನ್ ಎಲ್ಲಕ್ಕಿಂತ ಜಾರುವ ಜಾಗ. ಡ್ರಗ್ ಚಾರ್ಟಿನಲ್ಲಿ ಆ ಹೊತ್ತಿನ ಔಷಧಿ ಮಾತ್ರ ಕೊಡಬೇಕು. ಚಾರ್ಟಿನಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿದ್ದು ಕೆಳಗೆ ಅದೇ ವರ್ಗದ ಔಷಧಿ ಬರೆದಿದ್ದರೆ ಕೊಡದೆ, ಕೊಡದ ಕಾರಣದ ಕೋಡ್ ದಾಖಲಿಸಿ, ಬರೆದ ವೈದ್ಯರಿಗೆ ತಿಳಿಸಬೇಕು. 'ಡಾಕ್ಟರ್ ಬರೆದಿದ್ದಾರೆ' ಎಂಬುದು ಅಲ್ಲಿ ಸಮರ್ಥನೆಯಲ್ಲ. ಮೌಲ್ಯಮಾಪನದಲ್ಲಿ ನ್ಯೂಸ್-2 ಚಾರ್ಟ್, ಅಂದರೆ ರೋಗಿಯ ಸ್ಥಿತಿ ಹದಗೆಡುವುದನ್ನು ಅಂಕಗಳಲ್ಲಿ ತೋರಿಸುವ ಹಾಳೆ, ಕೈಗೆ ಬರುತ್ತದೆ. ಜ್ವರ, ನಾಡಿ, ಉಸಿರಾಟ ಬರೆಯುವ ನಮ್ಮ ಟಿಪಿಆರ್ ಹಾಳೆಯ ಹಾಗಲ್ಲ ಅದು. ಪ್ರತಿ ಅಳತೆಗೂ ಅಂಕ ಕೂಡಿಸಬೇಕು. ಒಟ್ಟು 5 ಆದರೆ ತುರ್ತಾಗಿ ವೈದ್ಯರು ನೋಡಬೇಕು, 7 ಆದರೆ ಎಮರ್ಜೆನ್ಸಿ, ಯಾವುದಾದರೂ ಒಂದೇ ಅಳತೆಗೆ 3 ಬಂದರೂ ಸುಮ್ಮನಿರುವಂತಿಲ್ಲ. ಆಮ್ಲಜನಕದ ಎರಡು ಮಾಪಕಗಳಲ್ಲಿ ಎರಡನೆಯದು, 88ರಿಂದ 92 ಶೇಕಡಾ ಗುರಿಯದ್ದು, ಕಾರ್ಬನ್ ಡೈಆಕ್ಸೈಡ್ ಉಳಿದುಬಿಡುವ ಶ್ವಾಸಕೋಶದ ರೋಗಿಗಳಿಗೆ ಮಾತ್ರ, ಅದೂ ವೈದ್ಯರು ಸೂಚಿಸಿದಾಗ. ಅದನ್ನು ಎಲ್ಲರಿಗೂ ಹಚ್ಚಿದರೆ ಲೆಕ್ಕವೇ ತಲೆಕೆಳಗು. ಹೃದಯ ನಿಂತ ಸ್ಟೇಷನ್ನಿನಲ್ಲಿ 'ಕೋಡ್ ಬ್ಲೂ' ಎಂದು ಕೂಗುವುದು ನಮ್ಮ ಕಾರ್ಪೊರೇಟ್ ಆಸ್ಪತ್ರೆಗಳ ರೂಢಿ. ಅಲ್ಲಿ ಆಸ್ಪತ್ರೆಯೊಳಗಿನ ಸಂಖ್ಯೆ 2222ಕ್ಕೆ ಕರೆ ಮಾಡಿಸಬೇಕು, ಯಾವ ವಾರ್ಡ್ ಎಂದು ಹೇಳಬೇಕು. ಒತ್ತುವುದು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120, ಮೂವತ್ತು ಒತ್ತಿಗೆ ಎರಡು ಉಸಿರು. ಕೊನೆಗೊಂದು ಸಣ್ಣ ವಿಷಯ: ಬರೆದ ಹಾಳೆಗೆ ಹೆಸರು, ಸಹಿ, ದಿನಾಂಕ, ಸಮಯ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಸಹಿ ಹಾಕಿ, ಗೀಚಿ ಮಸಿ ಮಾಡಬೇಡಿ.

ದಿನಾಂಕಗಳ ಜೋಡಣೆಯೂ ಒಂದು ಕಲೆ. ಇಂಗ್ಲಿಷ್ ಫಲಿತಾಂಶಕ್ಕೆ ಎರಡು ವರ್ಷ ಆಯಸ್ಸು, ಸಿಬಿಟಿಗೂ ಎರಡು. ವೀಸಾಕ್ಕೆ ಬೇಕಾದ ಕ್ಷಯ ಪರೀಕ್ಷೆಯ ಪತ್ರಕ್ಕೆ ಆರೇ ತಿಂಗಳು, ಹಾಗಾಗಿ ಅದನ್ನು ಕೊನೆಗೆ ಮಾಡಿಸಿ. ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಬೇಕು. ಬಾಡಿಗೆ ಮನೆ ಬದಲಿಸಿದವರು ವಿಳಾಸದ ದಾಖಲೆ ಸರಿಪಡಿಸಿಕೊಂಡು ಹೋದರೆ ಠಾಣೆಗೆ ಎರಡೆರಡು ಸಲ ಅಲೆಯುವುದು ತಪ್ಪುತ್ತದೆ. ಎನ್‌ಎಚ್‌ಎಸ್ ಹೊರದೇಶದ ನೇಮಕವನ್ನು ಇತ್ತೀಚೆಗೆ ಕಡಿಮೆ ಮಾಡಿರುವುದರಿಂದ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಓಇಟಿ ಪಾಸಾದ ಖುಷಿಯಲ್ಲಿ ಸುಮ್ಮನೆ ಕೂತರೆ ಅದರ ಆಯಸ್ಸು ಕರಗುತ್ತಿರುತ್ತದೆ. ಕೌನ್ಸಿಲ್ ದೃಢೀಕರಣದ ಕೆಲಸ ಇಂಗ್ಲಿಷ್ ತಯಾರಿಯ ಜೊತೆಜೊತೆಗೇ ನಡೆಯಲಿ.

ಇನ್ನು ಏಜೆಂಟರ ವಿಷಯ. ಬ್ರಿಟನ್ನಿನ ಅಂತರರಾಷ್ಟ್ರೀಯ ನೇಮಕಾತಿ ಸಂಹಿತೆಯ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಸಂಹಿತೆಗೆ ಬದ್ಧವಾದ ಸಂಸ್ಥೆಗಳ ಪಟ್ಟಿಯನ್ನು ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಪ್ರಕಟಿಸುತ್ತದೆ. ಭಾರತದ ನಿಯಮದಂತೆಯೂ ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟಿನ ಪರವಾನಗಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು. 'ಎನ್‌ಎಂಸಿ ಫೈಲ್ ನಾವೇ ಮೂವ್ ಮಾಡಿಸುತ್ತೇವೆ' ಎನ್ನುವವರಿಗೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಅವರು ಟಿಕ್ ಮಾಡಿದ ಆರೋಗ್ಯ, ನಡತೆಯ ಘೋಷಣೆಗೆ ಹೊಣೆ ನೀವೇ. ಆಸ್ಪತ್ರೆಯ ಕರಾರಿನಲ್ಲಿ ಮರುಪಾವತಿಯ ಷರತ್ತು ಇದ್ದರೆ ಯಾವ ಖರ್ಚು, ಎಷ್ಟು ತಿಂಗಳಿಗೆ ಎಷ್ಟು ಇಳಿಯುತ್ತದೆ ಎಂದು ಅಂಕಿಯಲ್ಲಿ ಕೇಳಿ. ಎರಡು ವರ್ಷದ ಕೊನೆಯ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಹಣ ಕೊಡಬೇಕೆಂದಿದ್ದರೆ ಸಹಿ ಹಾಕುವ ಮೊದಲೇ ಪ್ರಶ್ನಿಸಿ. ಪಿನ್ ಬರುವವರೆಗೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ವೇತನಶ್ರೇಣಿಯ ಬ್ಯಾಂಡ್ 4ರ ಸಂಬಳ, ಬಂದ ಮೇಲೆ ಅದಕ್ಕಿಂತ ಮೇಲಿನ ಬ್ಯಾಂಡ್ 5. ಓಸ್ಕಿ ತಡವಾದಷ್ಟೂ ಕಳೆದುಕೊಳ್ಳುವುದು ಈ ವ್ಯತ್ಯಾಸವನ್ನು.

ಪಿನ್ ಬಂದ ದಿನ ಎನ್‌ಎಂಸಿಯ ಸಾರ್ವಜನಿಕ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಹುಡುಕಿ, ಕಾಗುಣಿತ ನೋಡಿ. ನೋಂದಣಿ ಉಳಿಸಿಕೊಳ್ಳಲು ಬೇಕಾದ ಮೂರು ವರ್ಷದ ರಿವ್ಯಾಲಿಡೇಷನ್ ಗಡಿಯಾರ ಅಂದೇ ಶುರುವಾಗುತ್ತದೆ: 450 ಗಂಟೆ ಕೆಲಸ, 35 ಗಂಟೆ ಮುಂದುವರಿದ ಕಲಿಕೆ, ಅದರಲ್ಲಿ 20 ಗಂಟೆ ಇತರರ ಜೊತೆ ಸೇರಿ ಕಲಿತದ್ದು, ಜೊತೆಗೆ ನಿಮ್ಮ ಕೆಲಸದ ಬಗ್ಗೆ ಬಂದ ಐದು ಪ್ರತಿಕ್ರಿಯೆ, ಐದು ಚಿಂತನ ಬರಹ. ವಾರ್ಡಿನ ತರಬೇತಿ ಮುಗಿದ ಕೂಡಲೇ ಅದರ ಚೀಟಿಯನ್ನು ಒಂದು ಫೋಲ್ಡರಿಗೆ ಹಾಕುತ್ತಾ ಹೋಗಿ. ಆ ಬರಹಗಳಲ್ಲಿ ರೋಗಿಯ ಹೆಸರು, ಹಾಸಿಗೆ ಸಂಖ್ಯೆ, ಗುರುತು ಸಿಗುವ ಯಾವ ವಿವರವೂ ಬರಬಾರದು.